ಮೂರನೆಯ ಕೂಗು

ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲ ಸಂದಿಗೆ ಟವೆಲ್ ತುರುಕಿದ ಮೇಲೂ ಮಂಡ್ಯದ ನನ್ನ ಕೋಣೆಯೊಳಕ್ಕೆ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು ಬರುತ್ತಲೇ ಇತ್ತು. ಒಂದು ಹೋಗಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ನಾವು ದನಿ ಹಿಡಿಯಬೇಕಿತ್ತು. ನನ್ನೆದುರು ಕುಳಿತಿದ್ದ ಹೆಂಗಸಿಗೆ ಗಂಟಲ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯುವುದೆಂದು ಮೈಸೂರಿನ ವೈದ್ಯರು ತೀರ್ಮಾನಿಸಿದ್ದರು. ಆಮೇಲೆ ಆಕೆ ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತಾಳೆ, ಬಾಯಿಂದ ಸದ್ದು ಹೊರಡುವುದಿಲ್ಲ. ನನ್ನದು ಮಾತಿನ ಚಿಕಿತ್ಸೆಯ ಕೆಲಸ. ಹೋಗುವ ದನಿಯನ್ನು ಹೋಗುವ ಮುಂಚೆ ಹಿಡಿದಿಡುವುದೂ ಅದರಲ್ಲಿ ಸೇರಿದೆ. ದಿನಬಳಕೆಯ ವಾಕ್ಯಗಳನ್ನು ರೋಗಿಯ ದನಿಯಲ್ಲೇ ಮುದ್ರಿಸಿ ಫೋನಿಗೆ ಹಾಕಿಕೊಟ್ಟರೆ, ಮುಂದೆ ಅವರು ಗುಂಡಿ ಒತ್ತಿ ಮಾತಾಡಬಹುದು.

ಆಕೆ ಬೆಸಗರಹಳ್ಳಿ ಕಡೆಯ ಒಂದು ಹಳ್ಳಿಯವಳು, ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ದನಿ ಆಗಲೇ ಒಡೆದಿತ್ತು. ಬೆಳಗಿನ ಹೊತ್ತು ಒಂದಿಷ್ಟು ವಾಸಿ ಎಂದು ಮೊದಲ ಬಸ್ಸಿಗೇ ಬರಹೇಳಿದ್ದೆ. ಎಲ್ಲರಿಗೂ ಕೊಡುವ ವಾಕ್ಯಗಳನ್ನೇ ಇವಳಿಗೂ ಹೇಳಿಕೊಟ್ಟೆ. ಮೊದಲನೆಯದು, ‘ನನಗೆ ಸ್ವಲ್ಪ ನೀರು ಬೇಕು.’ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನನ್ನ ಜಲ್ಮದಾಗೆ ಇಂಗೆ ಕೇಳಿಲ್ಲ ಕಣವ್ವ. ರೇಡಿಯೋದವ್ರು ನೀರು ಕೇಳ್ದಂಗದೆ.”

ಹಾಗಾದರೆ ಹೇಗೆ ಕೇಳುತ್ತೀರಿ ಎಂದೆ. ಗಂಟಲಲ್ಲಿ ಒಂದು ಸಣ್ಣ ಕೆಮ್ಮು ಕೆಮ್ಮಿ, “ಒಸಿ ನೀರ್ ಕೊಡು ಕೂಸೇ” ಅಂದಳು. ಅವತ್ತಿಗೆ ನನ್ನ ವಾಕ್ಯಗಳು ಮೂಲೆಗೆ ಬಿದ್ದವು. ಎಲ್ಲವನ್ನೂ ಅವಳ ಬಾಯಿಗೆ ಬಂದಂತೆಯೇ ಹಿಡಿದೆ. ‘ನಾನು ಹೋಗುತ್ತೇನೆ’ ಎಂಬುದನ್ನಂತೂ ಏನು ಮಾಡಿದರೂ ಹೇಳಲಿಲ್ಲ. ಮನೆ ಬಿಡುವಾಗ ಯಾರಾದರೂ ಹಾಗೆನ್ನುತ್ತಾರೆಯೇ ಎಂದು ನನ್ನನ್ನೇ ಗದರಿ, ‘ಬತ್ತೀನಿ’ ಎಂದು ಮುದ್ರಿಸಿಕೊಟ್ಟಳು.

ಕೂಸು ಎಂದರೆ ಸೊಸೆ. ಹೊರಗಿನ ಬೆಂಚಿನ ಮೇಲೆ ಸೆರಗು ತಲೆತುಂಬ ಹೊದ್ದು ಕುಳಿತಿರುತ್ತಿದ್ದಳು. ಜಾರ್ಖಂಡದ ಹುಡುಗಿ. ಸೋಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆಗೆ ಬಂದಿದ್ದವಳನ್ನು, ಅಲ್ಲಿಗೆ ವ್ಯಾನ್ ಓಡಿಸುತ್ತಿದ್ದ ಈ ಯಮ್ಮನ ಮಗ ಮೆಚ್ಚಿ ಮದುವೆಯಾಗಿದ್ದ. ಫ್ಯಾಕ್ಟರಿಯಲ್ಲಿ ಅಕ್ಕಪಕ್ಕ ಕುಳಿತವರೆಲ್ಲ ಅವಳ ಸೀಮೆಯವರೇ ಆಗಿದ್ದರಿಂದ ಕನ್ನಡದ ಹಂಗು ಬಿದ್ದಿರಲಿಲ್ಲ. ಗಂಡ ಹೆಂಡತಿ ಹರಕುಮುರುಕು ಹಿಂದಿಯಲ್ಲಿ ಸಂಸಾರ ಮಾಡುತ್ತಿದ್ದರು. ಅತ್ತೆಗೆ ಈ ಮದುವೆ ಸುತರಾಂ ಇಷ್ಟವಿರಲಿಲ್ಲವಂತೆ. ಮನೆ ತುಂಬಿಸಿಕೊಂಡ ಮೇಲೂ, ಕೆಲಸಕ್ಕೆ ಕೂಗುವುದು ಬಿಟ್ಟರೆ, ಸೊಸೆಯ ಮುಖ ನೋಡಿ ಒಂದು ಮಾತು ಆಡಿರಲಿಲ್ಲ. ಕಾಯಿಲೆ ಗೊತ್ತಾದ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಕೈಹಿಡಿದು ತಿರುಗಾಡಿಸಿದವಳು ಆ ಹುಡುಗಿಯೇ.

ಎರಡನೆಯ ಬೆಳಿಗ್ಗೆ, ಟ್ರ್ಯಾಕ್ಟರೊಂದು ಹಾದುಹೋಗಲಿ ಎಂದು ಕಾಯುತ್ತಿದ್ದಾಗ, ಯಮ್ಮ ಬಾಗಿಲ ಕಡೆ ನೋಡುತ್ತ ಹೇಳಿದಳು.

“ಮಾತಾಡೋ ಕಾಲ್ದಾಗೆ ಮಾತಾಡಿಸ್ಲಿಲ್ಲ ಕಣವ್ವ. ಈಗ ಆಡಾನ ಅಂದ್ರೆ ಕುಯ್ತಾವ್ರೆ. ಇವ್ಳಿಗೂ ಒಸಿ ತುಂಬಿಡು. ನಮ್ಮೂರ ಮಾತು ಬರ್ದಿದ್ರೆ ಇವ್ಳು ಅಲ್ಲಿ ಬದುಕಕ್ಕಿಲ್ಲ.”

ಭಾಷೆ ಕಲಿಯುವವರಿಗೆಂದು ಇರುವ ಕಾರ್ಡುಗಳ ಆ್ಯಪ್ ಒಂದು ನನಗೆ ಗೊತ್ತಿತ್ತು. ಒಂದೊಂದು ಕಾರ್ಡಿನಲ್ಲಿ ಒಂದೊಂದು ವಾಕ್ಯ. ನೋಡಬೇಕಿಲ್ಲ, ಮುಟ್ಟಬೇಕಿಲ್ಲ, ಕಿವಿಯಲ್ಲೇ ಎಲ್ಲ ನಡೆಯುತ್ತದೆ. ಮೊದಲು ಹಿಂದಿಯಲ್ಲಿ ವಾಕ್ಯ, ಆಮೇಲೆ ಬಿಡುವು, ಆ ಬಿಡುವಿನಲ್ಲಿ ಕಲಿಯುವವಳು ಕನ್ನಡದಲ್ಲಿ ಹೇಳಬೇಕು, ಕೊನೆಗೆ ಸರಿಯಾದ ಕನ್ನಡ ಕೇಳಿಸುತ್ತದೆ. ತಪ್ಪಿದ್ದರೆ ಆ ಕನ್ನಡವೊಂದೇ ಮತ್ತೆ ಬರುತ್ತದೆ, ಅದನ್ನು ತಿರುಗಿ ಹೇಳಬೇಕು. ಫೋನು ಆಲಿಸುತ್ತಿರುತ್ತದೆ. ಸರಿಯಾಗಿ ಹೇಳಿದ ವಾಕ್ಯ ದೂರ ಸರಿದು ಎಷ್ಟೋ ದಿನದ ಮೇಲೆ ಬರುತ್ತದೆ. ಮರೆತದ್ದು ಬೇಗ ಬೇಗ ಬರುತ್ತದೆ. ಇದನ್ನು ಯಮ್ಮನಿಗೆ ವಿವರಿಸಿದಾಗ ಆಕೆಗೆ ಅರ್ಥವಾಗಲು ಗಳಿಗೆಯೂ ಹಿಡಿಯಲಿಲ್ಲ. “ಎಡೆ ಇಕ್ಕೋದು ಮರ್ತ್ರೆ ಇರೀಕರು ಕನ್ಸಿಗೆ ಬತ್ತಾರಲ್ಲ, ಅಂಗೆ ಅನ್ನು” ಅಂದಳು. ನಾನು ನಕ್ಕೆ.

ಹಿಂದಿ ನನ್ನ ದನಿ, ಕನ್ನಡ ಅವಳ ದನಿ. ಸೊಪ್ಪು ತರುವುದು, ಹುಳುವಿಗೆ ಹಾಕುವುದು, ಒಲೆ, ನೀರು, ನೆಂಟರು, ಬೈಗುಳ. ಬೈಗುಳ ಬೇಡವೆಂದರೂ ಕೇಳಲಿಲ್ಲ. ನಡುವೆ ಒಮ್ಮೆ ಮಾತ್ರೆಯ ಚೀಲಕ್ಕಾಗಿ ಬಾಗಿಲ ಕಡೆ ತಿರುಗಿ ಸೊಸೆಯನ್ನು ಕೂಗಿದಳು. ಮೈಕು ಆರಿಸಿರಲಿಲ್ಲ. ಕೆಟ್ಟ ಮುದ್ರಣವೆಂದು ಆ ತುಂಡನ್ನು ಬೇರೆ ಎತ್ತಿಟ್ಟು ಮುಂದೆ ಹೋದೆವು.

ಕೊನೆಯ ಬೆಳಿಗ್ಗೆ ದನಿ ಹೆಚ್ಚುಕಡಿಮೆ ಪಿಸುಮಾತಾಗಿತ್ತು. ಬಾಗಿಲಲ್ಲಿ ನಿಂತು “ಬತ್ತೀನಿ ಕಣವ್ವ” ಅಂದಳು. ಆ ಬಾಯಿಂದ ನಾನು ನೇರವಾಗಿ ಕೇಳಿದ ಕೊನೆಯ ಮಾತು ಅದು.

ಆಮೇಲಿನದು ಕತ್ತರಿಸುವ ಕೆಲಸ. ಹೆಡ್‌ಫೋನ್ ಹಾಕಿಕೊಂಡು ಒಂದೊಂದು ವಾಕ್ಯದ ತಲೆ, ಬಾಲ ಸವರಬೇಕು. ಪ್ರತಿ ಮಾತಿಗೆ ಮುಂಚೆ ಆ ಸಣ್ಣ ಕೆಮ್ಮು ಇರುತ್ತಿತ್ತು, ಮತ್ತು ಅದು ಮೊದಲ ಅಕ್ಷರಕ್ಕೇ ಅಂಟಿಕೊಂಡಿತ್ತು. ಕೆಮ್ಮು ಕತ್ತರಿಸಿದರೆ ‘ಕೂಸೇ’ ಎಂಬುದು ‘ಊಸೇ’ ಆಗುತ್ತಿತ್ತು. ಇರಲಿ ಬಿಡು ಎಂದು ಬಿಟ್ಟೆ. ವಾಕ್ಯಗಳ ನಡುವೆ ದನಿ ಒಡೆಯುತ್ತಿದ್ದುದನ್ನೂ ಹಾಗೇ ಬಿಟ್ಟೆ. ಅವಳ ದನಿ ಅವಳದೇ ಆಗಿರಲಿ ಎಂದುಕೊಂಡಿದ್ದೆ.

ಆಪರೇಶನ್ ಚೆನ್ನಾಗಿ ಆಯಿತು. ಕತ್ತಿನ ತೂತಿಗೆ ಒಂದು ಪುಟ್ಟ ಕೊಳವೆ ಕೂರಿಸಿದ್ದರು. ಅದರೊಳಗೆ ಕಫ ಒಣಗಿ ಕಟ್ಟಿಕೊಂಡರೆ ಉಸಿರೇ ನಿಲ್ಲುತ್ತದೆ. ಮೂಗಿಗೆ ಕೈ ಅಡ್ಡ ಇಟ್ಟಷ್ಟೇ ಬೇಗ. ಕೊಳವೆ ಕಳಚಿ, ತೊಳೆದು, ಮತ್ತೆ ಹಾಕುವುದನ್ನು ಸೊಸೆ ನರ್ಸಮ್ಮನಿಂದ ಕಲಿತಳು. ಕೈ ನಡುಗದ ಹುಡುಗಿ. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವನ್ನೂ ನಾನು ತೋರಿಸಿದ್ದೆ. ಅದರ ಜೀರುಂಡೆಯಂಥ ಸದ್ದು ಕೇಳಿ ಯಮ್ಮ ಅದನ್ನು ಮೇಜಿನ ಆ ತುದಿಗೆ ನೂಕಿಬಿಟ್ಟಳು.

ಹಾಗಾಗಿ ಫೋನೇ ಗತಿ. ಅತ್ತೆಯ ಫೋನಿನಲ್ಲಿ ಗುಂಡಿಗಳನ್ನು ಜೋಡಿಸಿಕೊಟ್ಟೆ. ಸೊಸೆಯ ಫೋನಿನಲ್ಲಿ ಕಾರ್ಡುಗಳು. ಹುಳದ ಮನೆ ಹಿತ್ತಿಲಿನಲ್ಲಿ ಬೇರೆಯಾಗಿತ್ತು. ಅಲ್ಲಿ ಅವಳ ಕೈಯೆಲ್ಲ ಸುಣ್ಣದ ಪುಡಿ ಮತ್ತು ಸೊಪ್ಪು, ಫೋನು ಮುಟ್ಟುವಂತಿಲ್ಲ. ಅದಕ್ಕೆ ಕಂಬಕ್ಕೆ ಒಂದು ಚಾರ್ಜಿನ ಸ್ಪೀಕರ್ ತೂಗುಹಾಕಿ, ಅಭ್ಯಾಸ ಹೊತ್ತಿಗೆ ಸರಿಯಾಗಿ ತಾನೇ ಶುರುವಾಗುವಂತೆ ಇಟ್ಟೆವು. ಸುಣ್ಣದ ಪುಡಿ ಕತ್ತಿನ ತೂತಿಗೆ ಹೋಗಬಾರದೆಂದು ಅತ್ತೆ ಅಲ್ಲಿಗೆ ಕಾಲಿಡುವಂತಿರಲಿಲ್ಲ. ಆದ್ದರಿಂದ ಅತ್ತೆ ಮನೆಯೊಳಗೆ ಗುಂಡಿ ಒತ್ತಿದರೆ ಅದೇ ದನಿ ಹುಳದ ಮನೆಯ ಸ್ಪೀಕರಿನಲ್ಲೂ ಬರುವ ಹಾಗೆ ಮಾಡಿದೆ. ಕಾರ್ಡುಗಳನ್ನು ದೂರದಿಂದಲೇ ತಿದ್ದಲು ನನ್ನ ಫೋನೂ ಅದೇ ಖಾತೆಯಲ್ಲಿತ್ತು. ಅದರಿಂದಾಗಿ ಆ ಹೊತ್ತಿಗೆ ಸರಿಯಾಗಿ ಅದೂ ಮಾತಾಡತೊಡಗುತ್ತಿತ್ತು. ನಾನು ಸಾರಿಗೆ ಒಗ್ಗರಣೆ ಹಾಕುವಾಗ ಅಡುಗೆಮನೆಯ ಸ್ಟ್ಯಾಂಡಿನ ಮೇಲಿಂದ ಕೆಮ್ಮು, ಆಮೇಲೆ ‘ಲೇ ಕೂಸೇ, ಸೊಪ್ಪು ಆಯ್ತಾ?’ ನನ್ನ ಗಂಡ ಮೊದಮೊದಲು ಬೆಚ್ಚಿಬೀಳುತ್ತಿದ್ದರು. ಕ್ರಮೇಣ ನಾವಿಬ್ಬರೂ ಹೊಂದಿಕೊಂಡೆವು.

ಗಾಯ ಮಾಗಿದ ಮೇಲೆ ನಾನು ಅವರ ಊರಿಗೆ ಹೋದೆ. ಮದ್ದೂರಿನಲ್ಲಿ ಬಸ್ಸು ಬದಲಿಸಿ ಇಳಿದಾಗ ಮಗ ಸ್ಕೂಟರಿನಲ್ಲಿ ಕಾಯುತ್ತಿದ್ದ. ಮಟಮಟ ಮಧ್ಯಾಹ್ನ. ಅವರ ಪಕ್ಕದ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಹೊಸದಾಗಿ ಬರೆದಿತ್ತು. ಬಾಗಿಲಿಗೆ ಬಂದು ಕೂಗುವ ದೆವ್ವವನ್ನು ಹಿಂದೆ ಕಳಿಸಲು ನಮ್ಮ ಅಜ್ಜಿಯ ಕಾಲದಲ್ಲಿ ಬರೆಯುತ್ತಿದ್ದದ್ದು ಇನ್ನೂ ಇದೆಯಲ್ಲ ಎಂದು ನಗುತ್ತಲೇ ಅಂಗಳಕ್ಕೆ ಕಾಲಿಟ್ಟೆ.

ಯಮ್ಮ ಜಗಲಿಯ ಮೇಲೆ ಕುಳಿತಿದ್ದಳು. ಕತ್ತಿಗೆ ಒದ್ದೆ ಬಟ್ಟೆ, ಬಾಯಿ ಮುಚ್ಚಿತ್ತು. ನನ್ನನ್ನು ಕಂಡು ಕೈ ಮುಗಿದಳು. ಅಷ್ಟರಲ್ಲಿ ಹಿತ್ತಿಲ ಕಡೆಯಿಂದ ಅವಳ ದನಿ ಬಂತು.

ಕೆಮ್ಮು. “ಲೇ ಕೂಸೇ, ಸೊಪ್ಪು ಆಯ್ತಾ?”

ಒಂದು ಉಸಿರಿನ ಬಿಡುವು. ಮತ್ತೆ ಅದೇ ಕೆಮ್ಮು, ಅದೇ ಒಡಕು. “ಲೇ ಕೂಸೇ, ಸೊಪ್ಪು ಆಯ್ತಾ?”

ಎರಡರಲ್ಲಿ ಒಂದು ಸ್ಪೀಕರು, ಒಂದು ಸೊಸೆ. ಯಾವುದು ಯಾವುದು ಎಂದು, ಆ ದನಿಯನ್ನು ವಾರಗಟ್ಟಲೆ ಕತ್ತರಿಸಿ ಕೂತಿದ್ದ ನನಗೇ ತಿಳಿಯಲಿಲ್ಲ. ದನಿಯ ಒಡತಿ ನನ್ನೆದುರು ತುಟಿ ಬಿಗಿದು ಕೂತಿದ್ದಾಳೆ, ದನಿ ಹಿತ್ತಿಲಲ್ಲಿ ತನ್ನಷ್ಟಕ್ಕೆ ತಾನು ಪ್ರಶ್ನೆ ಕೇಳಿಕೊಂಡು ಓಡಾಡುತ್ತಿದೆ. ಸುಡುಬಿಸಿಲಿನಲ್ಲಿ ನನ್ನ ಕೈಮೇಲಿನ ಕೂದಲು ನಿಮಿರಿದವು. ಯಮ್ಮ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಹುಳದ ಮನೆಯಿಂದ ಹೊರಬಂದ ಸೊಸೆ ಕೈ ತೊಳೆಯುತ್ತ ಪಕ್ಕದ ಮನೆಯ ಹೆಂಗಸನ್ನು ಕೂಗಿದಳು. ಆ ಹೆಂಗಸು ಗೋಡೆಯಾಚೆ ನಮಗೆ ಬೆನ್ನು ಹಾಕಿ ಬಟ್ಟೆ ಹರವುತ್ತಿದ್ದಳು. “ಅಕ್ಕೋ” ಎಂದಾಗ ಆಕೆಯ ಕೈ ನಿಂತಿತು, ಆದರೆ ತಿರುಗಲಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲಕ್ಕೆ ತಿರುಗಿ “ಏನವ್ವ” ಅಂದಳು. ನಾನು ಗೋಡೆಯ ಬಳಿ ಹೋಗಿ, ಕಿವಿ ಮಂದವೇ ಎಂದು ಸ್ವಲ್ಪ ಚುಚ್ಚಿಯೇ ಕೇಳಿದೆ.

“ಕಿವಿ ಸಂದಾಗೇ ಅದೆ ಕಣಮ್ಮ. ಆ ದನೀಗೆ ಒಂದೇ ಕೂಗಿಗೆ ಓ ಅನ್ನಕ್ಕೆ ನನಗೇನು ಉಚ್ಚಾ? ಮನುಸ್ರಾದ್ರೆ ಮೂರ್ ಸಲ ಕೂಗ್ತಾರೆ. ಅದು ಒಂದೇ ಸಲ ಕೂಗಾದು. ಯಮ್ಮನ ದನಿ ಇವ್ಳ ಗಂಟ್ಲಿಗೆ ಬಂದು ಕುಂತದೆ, ಊರೆಲ್ಲ ಅಂಗೇ ಅಂತದೆ.”

ಸೊಸೆ ಅತ್ತೆಯ ದನಿ ಕಿತ್ತುಕೊಂಡಳು ಎಂಬುದು ಊರಿನ ಮಾತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ತಮಾಷೆಗೆ ಶುರುವಾದದ್ದು ಎಲ್ಲೆಲ್ಲಿಗೋ ಹೋಗಿತ್ತು. ಅಂಗಡಿಯಲ್ಲಿ ಅವಳು ಏನಾದರೂ ಕೇಳಿದರೆ ಮಕ್ಕಳು ಓಡುತ್ತಿದ್ದವಂತೆ. ಕನ್ನಡ ಬಾರದಿದ್ದರೆ ಬದುಕುವುದಿಲ್ಲ ಎಂದು ಕಲಿಸಿದರೆ, ಕಲಿತ ಕನ್ನಡವೇ ಅವಳನ್ನು ಊರಿನಿಂದ ದೂರ ಮಾಡುತ್ತಿತ್ತು. ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಗಿ ಬಂತು. ಊರಿನ ಮೇಲೆ ಅಷ್ಟು, ನನ್ನ ಮೇಲೆ ಇನ್ನಷ್ಟು.

ಮಂಡ್ಯಕ್ಕೆ ಕರೆಸಿ ಅವಳ ಗಂಟಲನ್ನೂ ಪರೀಕ್ಷೆ ಮಾಡಿಸಿದೆ. ವೈದ್ಯರು ಕ್ಯಾಮರಾ ಇಳಿಸಿ ನೋಡಿ, ಏನೂ ಇಲ್ಲ, ಅಚ್ಚುಕಟ್ಟಾಗಿದೆ ಎಂದರು. ಹಿಂದಿಯಲ್ಲಿ ಮಾತಾಡಿಸಿದರೆ ದನಿ ತಿಳಿನೀರು. ಕನ್ನಡಕ್ಕೆ ತಿರುಗಿದ ಕೂಡಲೇ ಕೆಮ್ಮು, ಒಡಕು. ಯಾಕೆ ಹೀಗೆ ಎಂದು ಕೇಳಿದೆ. ಅವಳು ಪಾಪ ಗಾಬರಿಯಾಗಿ, ಕನ್ನಡ ಹೀಗೇ ಅಲ್ಲವೇ ಆಡುವುದು ಎಂದು ನನ್ನನ್ನೇ ಕೇಳಿದಳು. ಭಾಷೆಯ ಜೊತೆಗೆ ಕಾಯಿಲೆಯನ್ನೂ ಕಲಿತಿದ್ದಳು. ಕಲಿಸಿದವಳು ನಾನು.

ಇದಾದ ಸ್ವಲ್ಪ ದಿನಕ್ಕೆ ಮಗನ ಫೋನು ಬಂತು. ಮಧ್ಯಾಹ್ನ ಸೊಸೆ ಹುಳದ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ, ಒಳಗೆ ಮಂಚದ ಮೇಲೆ ಮಲಗಿದ್ದ ಅತ್ತೆಯ ಕೊಳವೆಗೆ ಕಫ ಅಡ್ಡ ಬಂದಿದೆ. ‘ಕೂಸೇ, ಬಾ ಇಲ್ಲಿ’ ಗುಂಡಿ ಒತ್ತಿದ್ದಾಳೆ. ಸ್ಪೀಕರಿನಲ್ಲಿ ಅದು ಬಂತು. ಸೊಸೆ ಅದನ್ನು ಕಾರ್ಡು ಎಂದುಕೊಂಡು “ಕೂಸೇ, ಬಾ ಇಲ್ಲಿ” ಎಂದು ತಿರುಗಿ ಹೇಳಿದಳು. ಅತ್ತೆ ಮತ್ತೆ ಒತ್ತಿದಳು. ಮರೆತ ಕಾರ್ಡು ಮತ್ತೆ ಮತ್ತೆ ಬರುವುದು ಇದ್ದದ್ದೇ, ಅವಳಿಗೆ ಅನುಮಾನ ಬರಲಿಲ್ಲ. ಇನ್ನೂ ಚೆನ್ನಾಗಿ, ಇನ್ನೂ ಜೋರಾಗಿ ಹೇಳಿದಳು. ಉಸಿರು ಕಟ್ಟುತ್ತಿದ್ದ ಹೆಂಗಸಿಗೆ ಕೂಗಿದಾಗಲೆಲ್ಲ ಹಿತ್ತಿಲಿನಿಂದ ತನ್ನದೇ ದನಿ ತನ್ನನ್ನು ಕರೆಯುವುದು ಕೇಳಿಸಿದೆ. ಊಟಕ್ಕೆ ಬಂದ ಮಗ ನೋಡಿದ್ದರಿಂದ ಉಳಿದಳು.

“ಈ ಆಟ ಸಾಕು ಮೇಡಂ. ಕಾರ್ಡೆಲ್ಲ ಅಳಿಸ್ಬುಡಿ. ಅವ್ವ ಉಳುದ್ರೆ ಸಾಕು, ಇವ್ಳು ಕನ್ನಡ ಕಲೀದಿದ್ರೂ ಆಯ್ತದೆ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಒಂದು ವಾರ ಕೊಡು ಎಂದೆ. ಮೊದಲು ಕಾರ್ಡುಗಳಿಗೆ ಕಂಪ್ಯೂಟರಿನ ದನಿ ಹಾಕಿದೆ. ಸೊಸೆ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ, ಯಾರೋ ಬ್ಯಾಂಕಿನವರು ಮಾತಾಡಿದ ಹಾಗಿದೆ ಎಂದಳು. ಆಮೇಲೆ ನನ್ನ ದನಿ ಹಾಕಿದೆ. ಅವಳು ನನ್ನ ಹಾಗೆ ‘ಬನ್ನಿ, ಕುಳಿತುಕೊಳ್ಳಿ’ ಎಂದು ಕರುವಿಗೆಲ್ಲ ಬಹುವಚನ ಹಾಕತೊಡಗಿದಾಗ ಪಕ್ಕದ ಮನೆಯವಳು ಬಿದ್ದು ಬಿದ್ದು ನಕ್ಕಳಂತೆ. ಮಗ ತಾನೇ ಒಂದು ಕರೆಗಂಟೆ ತಂದು ಹಾಕಿದ. ಕರೆಂಟು ಇದ್ದಾಗ ಅದು ಕೆಲಸ ಮಾಡಿತು, ಹಗಲಲ್ಲಿ ಆ ಕಡೆ ಕರೆಂಟು ಇರುವುದು ಅಪರೂಪ. ನಾನು ಮತ್ತೆ ಹೋದಾಗ ಯಮ್ಮ ಫೋನು ಎತ್ತಿ, ನನ್ನ ಮುಖಕ್ಕೆ ಹಿಡಿದು ಒಂದೇ ಗುಂಡಿ ಒತ್ತಿದಳು. “ಬ್ಯಾಡ.” ಇನ್ನೊಮ್ಮೆ ಒತ್ತಿದಳು. ಸೊಸೆಯನ್ನು ತೋರಿಸಿ, ತನ್ನ ಕತ್ತು ತೋರಿಸಿ, ಎದೆ ಮುಟ್ಟಿಕೊಂಡಳು. ತನ್ನ ದನಿ ತೆಗೆಯಬೇಡ ಎಂದು. ಆ ಹೊತ್ತು ನನ್ನ ಕಣ್ಣು ತುಂಬಿಬಂತು.

ಬಸ್ಸಿಗೆ ಕಾಯುತ್ತ ನಿಂತಾಗ ಪಕ್ಕದ ಮನೆಯವಳ ಬೆನ್ನು ನೆನಪಾಯಿತು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಇಷ್ಟು ದಿನ ನಾನು ಜರೆದಿದ್ದ ಮಾತು ಅದೇ. ಕಾರ್ಡು ದೆವ್ವದ ಹಾಗೆ ಒಂದೇ ಸಲ ಕೂಗಲಿ. ಜೀವ ಇರುವವಳು ಮೂರು ಸಲ ಕೂಗಲಿ. ಆದರೆ ಒಂದೇ ಮುದ್ರಣವನ್ನು ಮೂರು ಸಲ ಜೋಡಿಸಿದರೆ ಅದು ಮೂರು ಕೂಗಾಗುವುದಿಲ್ಲ, ಮರಳಿ ಬಂದ ಕಾರ್ಡಾಗುತ್ತದೆ. ಅವತ್ತು ಆದದ್ದೇ ಅದು. ಬದುಕಿರುವವರ ಎರಡನೆಯ ಕೂಗು ಮೊದಲಿನದರ ಹಾಗಿರುವುದಿಲ್ಲ, ಮೂರನೆಯದರಲ್ಲಿ ಸಿಟ್ಟು ಇರುತ್ತದೆ. ಅಂಥದ್ದನ್ನು ಎಲ್ಲಿಂದ ತರಲಿ? ಕೂಗಬೇಕಾದವಳಿಗೆ ದನಿಯೇ ಇಲ್ಲ.

ಕೆಟ್ಟ ಮುದ್ರಣವೆಂದು ಎತ್ತಿಟ್ಟ ತುಂಡು ಆಗ ನೆನಪಾಯಿತು. ಕೋಣೆಗೆ ಬಂದು ಹುಡುಕಿ ಹಾಕಿದೆ. ಟ್ರ್ಯಾಕ್ಟರಿನ ಸದ್ದು, ಕುರ್ಚಿ ಕಿರುಗುಟ್ಟುವುದು, ಆಮೇಲೆ ಆ ದನಿ. “ಕೂಸೇ.” ಸುಮ್ಮನೆ. “ಕೂಸೇ!” ಕತ್ತು ಹೊರಳಿಸಿ. ಕೊನೆಗೆ ಗದರಿಕೆ, “ಲೇ ಕೂಸೇ, ಕಿವಿ ಕೇಳಕ್ಕಿಲ್ವಾ ನಿಂಗೆ?” ಅದರ ಹಿಂದೆಯೇ, ದೂರದ ಬೆಂಚಿನಿಂದ, ಒಂದು ತೆಳ್ಳನೆಯ ತಿಳಿಯಾದ ದನಿ. “ಓ.”

ಆ ‘ಓ’ ಆ ಹುಡುಗಿಯದು, ಕಾರ್ಡುಗಳಿಗೆ ಮುಂಚಿನದು. ನಾನು ಅದನ್ನು ಎಷ್ಟು ಸಲ ಕೇಳಿದೆನೋ.

ಮೂರು ಕೂಗನ್ನು ಅತ್ತೆಯ ಫೋನಿನ ದೊಡ್ಡ ಕೆಂಪು ಗುಂಡಿಗೆ ಹಾಕಿ, ಅದನ್ನು ಒತ್ತಿದರೆ ನನ್ನ ಫೋನಿನಲ್ಲೂ ಕೇಳಿಸುವ ಹಾಗೆ ಮಾಡಿದೆ. ಕಾರ್ಡುಗಳಲ್ಲಿ ‘ಕೂಸೇ’ ಎಂಬ ಕರೆ ಒಂದಕ್ಕಿಂತ ಹೆಚ್ಚು ಸಲ ಬಾರದಂತೆ ನೋಡಿಕೊಂಡೆ. ‘ಓ’ ಎಂಬುದನ್ನು ಬೇರೊಂದು ಕಾರ್ಡಾಗಿ ಮಾಡಿದೆ. ಹಳ್ಳಿಗೆ ಹೋಗಿ ಅದನ್ನು ಸೊಸೆಗೆ ಕೇಳಿಸಿದಾಗ, ಇದು ಯಾರು ಎಂದು ಕೇಳಿದಳು. ನೀನೇ ಎಂದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮತ್ತೆ ಹಾಕಿಸಿಕೊಂಡು ಕೇಳಿದಳು. ಆಮೇಲೆ ಕೆಮ್ಮದೆ “ಓ” ಎಂದು ಹೇಳಿ ನೋಡಿದಳು. ಅತ್ತೆ ಕೆಂಪು ಗುಂಡಿ ಒತ್ತುವುದು, ಹುಳದ ಮನೆಯಿಂದ ಇವಳು ಓಡಿ ಬರುವುದು, ಅವತ್ತು ಅದನ್ನೇ ಆಟದಂತೆ ಆಡಿದರು. ಮೂರನೆಯ ಕೂಗು ಮುಗಿಯುವ ಮುಂಚೆ ಅಂಗಳದಲ್ಲಿರುತ್ತಿದ್ದಳು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ನೋಡುತ್ತ, ಈಗ ಮನುಷ್ಯರು ಕೂಗಿದ ಹಾಗಿದೆ ಎಂದು ಒಪ್ಪಿದಳು. ಕಾರ್ಡುಗಳು ಉಳಿದವು. ಸೊಸೆಯ ಕನ್ನಡದ ಒಡಕು ದಿನದಿನಕ್ಕೆ ಮಾಗುತ್ತ ಬಂತು.

ಇಲ್ಲಿಗೆ ಇದು ಮುಗಿಯಿತು ಎಂದೇ ನಾನು ತಿಳಿದಿದ್ದೆ. ಬೇರೆ ರೋಗಿಗಳು, ಬೇರೆ ಗಂಟಲುಗಳು ಬಂದವು. ಸ್ಟ್ಯಾಂಡಿನ ಮೇಲಿನ ನನ್ನ ಫೋನು ಮಾತ್ರ ಆಗೀಗ ಕೆಮ್ಮಿ ಒಂದು ಮಾತಾಡುತ್ತಿತ್ತು. ಸೊಸೆ ಕಲಿತಷ್ಟೂ ಅದು ಅ‍ಪರೂಪವಾಯಿತು.

ಒಂದು ಸಂಜೆ ದೇವರ ದೀಪ ಹಚ್ಚಿ ಅಡುಗೆಮನೆಗೆ ಬಂದಿದ್ದೆ. ಕೆಮ್ಮು ಕೇಳಿಸಿತು. “ಕೂಸೇ.” ಅಭ್ಯಾಸದ ಹೊತ್ತಲ್ಲವಲ್ಲ ಎಂದುಕೊಂಡು ತರಕಾರಿ ಹೆಚ್ಚುತ್ತ ಹೋದೆ. “ಕೂಸೇ!” ನನ್ನ ಕೈ ನಿಂತಿತು. ತಿರುಗಲಿಲ್ಲ. ಪಕ್ಕದ ಮನೆಯ ಹೆಂಗಸು ಬಟ್ಟೆ ಹಿಡಿದು ನಿಂತ ಹಾಗೆಯೇ ನಾನೂ ನಿಂತಿದ್ದೆ. ಆಗ ಮೂರನೆಯದು ಬಂತು. “ಲೇ ಕೂಸೇ, ಕಿವಿ ಕೇಳಕ್ಕಿಲ್ವಾ ನಿಂಗೆ?” ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ಮೊದಲಿನಿಂದ ಶುರುವಾಯಿತು.

ಅತ್ತೆ ಗುಂಡಿ ಒತ್ತುತ್ತಿದ್ದಾಳೆ, ಅಲ್ಲಿ ಯಾರೂ ಓಗೊಡುತ್ತಿಲ್ಲ. ಆಮೇಲೆ ತಿಳಿದಂತೆ, ಹುಳುಗಳು ನಾಲ್ಕನೇ ಜ್ವರಕ್ಕೆ ಹೋಗಿದ್ದವು. ಪೊರೆ ಬಿಡುವ ಮುಂಚೆ ತಲೆಯೆತ್ತಿ ಮಲಗುವುದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ, ಆಗ ಹುಳದ ಮನೆಯಲ್ಲಿ ಸದ್ದು ಮಾಡುವುದಿಲ್ಲ. ಅದಕ್ಕೆಂದು ಸೊಸೆ ಸ್ಪೀಕರ್ ಆರಿಸಿ ಒಳಗೆ ಮೆಲ್ಲಗೆ ಸುಣ್ಣ ಉದುರಿಸುತ್ತಿದ್ದಳು. ಫೋನನ್ನೂ ಸದ್ದಿಲ್ಲದಂತೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಮಗ ಊರಲ್ಲಿರಲಿಲ್ಲ.

ಸೊಸೆಗೆ ಫೋನು ಮಾಡಿದೆ. ಸೊಂಟದಲ್ಲಿ ಫೋನು ನಡುಗಿದ್ದು ಗೊತ್ತಾಗಿ ಎತ್ತಿಕೊಂಡಳು. ಅತ್ತೆಗೆ ಉಸಿರು ಕಟ್ಟಿದೆ, ಓಡು ಎಂದು ಹಿಂದಿಯಲ್ಲಿ ಹೇಳಬೇಕೆಂದು ಬಾಯಿ ತೆರೆದೆ. ಹಿಂದಿ ಬರಲಿಲ್ಲ. ಬಂದದ್ದು, “ಕೂಸೇ. ಕೂಸೇ! ಲೇ ಕೂಸೇ, ಕಿವಿ ಕೇಳಕ್ಕಿಲ್ವಾ ನಿಂಗೆ?”

“ಓ” ಎಂದಳು ಅವಳು. ತೆಳ್ಳಗೆ, ತಿಳಿಯಾಗಿ.

ಫೋನು ಕಟ್ಟಾಗಲಿಲ್ಲ. ಹೆಜ್ಜೆಗಳ ಸದ್ದು, ಬಾಗಿಲು, ಪಾತ್ರೆಯೊಂದು ಉರುಳಿದ್ದು. ಅವಳು ತನ್ನ ಸೀಮೆಯ ಮಾತಿನಲ್ಲಿ ಏನೋ ಹೇಳುತ್ತಿದ್ದಳು, ಕೊಳವೆ ಕಳಚುತ್ತಿರಬೇಕು. ನಾನು ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದೆ. ಒಲೆಯ ಮೇಲಿನದು ಸೀದ ವಾಸನೆ ಬಂತು. ಬಹಳ ಹೊತ್ತಿನ ಮೇಲೆ ಒಂದು ಸೀಟಿಯಂಥ ಉಸಿರು, ಆಮೇಲೆ ಇನ್ನೊಂದು. ಇನ್ನೂ ಸ್ವಲ್ಪ ಹೊತ್ತಿಗೆ ಯಾರೋ ಗುಂಡಿ ಒತ್ತಿದರು. ಕಿವಿಗೆ ಹಿಡಿದಿದ್ದ ಫೋನಿನಲ್ಲಿ ಅದು ಕೇಳಿಸಿತು.

“ಒಸಿ ನೀರ್ ಕೊಡು ಕೂಸೇ.”

ನಾನು ಒಲೆ ಆರಿಸಿ ತಿರುಗಿದೆ. ನನ್ನ ಗಂಡ ಪಡಸಾಲೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಒಳಗೆಲ್ಲ ಕಣ್ಣಾಡಿಸಿದರು. ಫೋನಿನ ದನಿ ಅವರಿಗೆ ಚೆನ್ನಾಗಿ ಗೊತ್ತಿದ್ದದ್ದೇ, ಅದಕ್ಕೆ ಅವರು ಏಳುತ್ತಿರಲಿಲ್ಲ.

“ಯಾರು ಬಂದಿರೋದು? ಆ ಯಮ್ಮ ಇಲ್ಲೇ ನಿಂತು ಕೂಗ್ದಂಗಾಯ್ತು.”

ಯಾರೂ ಇಲ್ಲ, ನಾನೇ ಕೂಗಿದ್ದು ಎಂದು ಹೇಳಲು ಬಾಯಿ ತೆರೆದೆ. ಮೊದಲು ಬಂದದ್ದು ಆ ಸಣ್ಣ ಕೆಮ್ಮು.